ರಕ್ತ ಚೊಕ್ಕವಾದ ದಿನದಿಂದ ಎಣಿಕೆ

ದಾವಣಗೆರೆ
೧೮ ಫೆಬ್ರವರಿ ೨೦೨೫, ಮಂಗಳವಾರ

ಅತ್ತೆಯವರಿಗೆ ಸುನೀತಾಳ ನಮಸ್ಕಾರಗಳು.

ಹರಿದು ಹಾಕಬೇಡಿ, ಇದು ನಿಮ್ಮ ಮಗನ ಸುದ್ದಿ, ಒಳ್ಳೆಯ ಸುದ್ದಿ! ಫೋನಿನಲ್ಲಿ ನನ್ನ ದನಿ ಕೇಳಿದ ಕೂಡಲೇ ಕಟ್ ಮಾಡುತ್ತೀರಿ, ಅದಕ್ಕೇ ಆಸ್ಪತ್ರೆ ಡ್ಯೂಟಿ ನಡುವೆ ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಅಂಬಿಕಾ ಮೂರು ಗಂಟೆಯ ಬಸ್ಸಿಗೆ ಸೊಕ್ಕೆಗೆ ಬರುತ್ತಾಳೆ, ಓದಿ ಹೇಳುತ್ತಾಳೆ. ಹೆತ್ತ ಮಗಳ ಬಾಯಿಂದಾದರೂ ಕೇಳುತ್ತೀರಲ್ಲ.

ಅವರ ರಕ್ತ ಚೊಕ್ಕವಾಗಿದೆ ಅತ್ತೆ! ಬೆಳಿಗ್ಗೆ ಲ್ಯಾಬಿನಿಂದ ರಿಪೋರ್ಟ್ ಬಂತು, ಒಂದಲ್ಲ, ಮೇಲಿಂದ ಮೇಲೆ ಮೂರು ದಿನದ್ದು. ನಾನು ವಾರ್ಡಿನಲ್ಲೇ ಹೋ ಎಂದು ಕೂಗಿ ಬೈಸಿಕೊಂಡೆ.

ಕರುಳಿನ ಆಪರೇಷನ್ ಆದ ಮೇಲೂ ಜ್ವರ ಯಾಕೆ ಬಿಡಲಿಲ್ಲ ಗೊತ್ತೇ? ರಕ್ತದೊಳಗೆ ಶಿಲೀಂಧ್ರ ಸೇರಿತ್ತು, ಹಳೇ ರೊಟ್ಟಿಗೆ ಹಿಡಿಯುವ ಬೂಷ್ಟಿನ ಜಾತಿಯದು. ನಾಲ್ಕನೇ ತಾರೀಖಿನಿಂದ ಅದಕ್ಕೆಂದೇ ಔಷಧಿ ಹಾಕಿದರೂ ಆರಕ್ಕೆ ತೆಗೆದ ರಕ್ತದಲ್ಲೂ ಅದೇ. ಎಂಟಕ್ಕೆ ನಮ್ಮ ದೊಡ್ಡ ಡಾಕ್ಟರು ಸೋಂಕು ರೋಗಗಳ ತಜ್ಞೆ ನಾಗರತ್ನ ಮೇಡಂ ಅವರನ್ನು ಕರೆಸಿದರು. ನ್ಯಾಮತಿ ಕಡೆಯವರು, ಆಳು ಗಿಡ್ಡ, ಮಾತು ಖಾರ. ಬಂದವರೇ ಕೇಳಿದ್ದು, "ಈ ಕತ್ತಿನ ಪೈಪು ಇನ್ನೂ ಯಾಕೈತಮ್ಮ?"

ಅತ್ತೆ, ಹೇಳಿಬಿಡುತ್ತೇನೆ. ಆಪರೇಷನ್ ವೇಳೆ ಔಷಧಿ ಹರಿಸಲು ಕತ್ತಿನ ನರಕ್ಕೆ ಹಾಕಿದ್ದ ಆ ಪೈಪು ಉಳಿದಿದ್ದು ನನ್ನಿಂದ. ಕೈಯಲ್ಲಿ ನರ ಸಿಗುವುದಿಲ್ಲ, ಸೂಜಿ ಕಂಡರೆ ಎದ್ದು ಓಡುವ ಮನುಷ್ಯ, ಇರಲಿ ಬಿಡಿ ಎಂದು ಡಾಕ್ಟರ ಹತ್ತಿರ ವಾದ ಮಾಡಿದವಳು ನಾನೇ. ಬೂಷ್ಟು ಆ ಪೈಪಿಗೇ ಅಂಟಿ ಕೂತಿದ್ದರೆ ಮೇಲಿನಿಂದ ಎಷ್ಟು ಔಷಧಿ ಸುರಿದರೇನು ಎಂದರು ಮೇಡಂ. ಅಂದೇ ತೆಗೆಸಿದರು. ಕಣ್ಣು, ಹೃದಯ ಎಲ್ಲಾ ಪರೀಕ್ಷೆ ಮಾಡಿಸಿದರು, ಅಲ್ಲಿಗೆ ಹರಡಿಲ್ಲ. ಮಾರನೇ ದಿನ, ಒಂಬತ್ತಕ್ಕೆ ತೆಗೆದ ರಕ್ತದಲ್ಲೇ ಅದು ನಾಪತ್ತೆ!

ಈಗ ಮಾವನವರ ಫಜೀತಿ ಕೇಳಿ. ಔಷಧಿ ಹದಿನಾಲ್ಕು ದಿನ ಎಂದಿದ್ದಕ್ಕೆ ಅವರು ಮೊದಲ ಬಾಟಲಿಯಿಂದಲೇ ಟವೆಲಿನ ಅಂಚಿಗೆ ದಿನಕ್ಕೊಂದು ಗಂಟು ಹಾಕಿದ್ದಾರೆ, ಕುರಿ ಮಾರುವಾಗ ಹಾಕುತ್ತಾರಲ್ಲ, ಹಾಗೆ. ನಿನ್ನೆಗೆ ಹದಿನಾಲ್ಕು ಗಂಟು. ಇವತ್ತು ಸಂಜೆಯೊಳಗೆ ಮನೆಗೆ ಕರೆತನ್ನಿ ಎಂದು ನೀವೂ ಹೇಳಿದ್ದೀರಂತೆ. ಊರಿಂದ ಮುರುಗೇಶಪ್ಪನ ಗಾಡಿ ಗೇಟಿಗೆ ಬಂದು ನಿಂತಿತ್ತು.

"ಜ್ವರ ಬಿಟ್ಟೈತೆ, ಗಂಜಿ ಕುಡಿತಾನೆ, ಇನ್ನೇನ್ ಮಾಡಾಕೆ ಇಲ್ಲಿರಬೇಕ್ರೀ?" ಎಂದು ಮಾವ ಟವೆಲ್ ತೋರಿಸಿದರು. ಮೇಡಂ ಅಲ್ಲೇ ಕೂತು ಮೊದಲಿನ ಐದು ಗಂಟು ಒಂದೊಂದಾಗಿ ಬಿಚ್ಚಿದರು. "ಲೆಕ್ಕ ರಕ್ತ ಚೊಕ್ಕ ಆದ ದಿನದಿಂದ ಯಜಮಾನ್ರೇ, ಇವು ಸೇರಲ್ಲ. ಇನ್ನೈದು ಹಾಕ್ರಿ," ಎಂದರು. ಮಾವನವರಿಗೆ ಅರ್ಥವಾಯಿತು, ಗಾಡಿ ವಾಪಸ್ ಕಳಿಸಿದರು. ಆದರೆ, "ನಿಮ್ಮತ್ತೆಗೆ ಯಾರು ಹೇಳಾಕೆ ಹೋಗ್ತಾರವ್ವಾ?" ಎಂದು ನನ್ನ ಮುಖ ನೋಡಿದರು.

ಅದಕ್ಕೇ ಈ ಕಾಗದ. ಭಾನುವಾರದವರೆಗೆ ಅವರನ್ನು ಮನೆಗೆ ಕರೆಯಬೇಡಿ ಅತ್ತೆ, ಕೈಮುಗಿಯುತ್ತೇನೆ. ಔಷಧಿ ಅರ್ಧಕ್ಕೆ ಬಿಟ್ಟು ಅದು ಮತ್ತೆ ತಲೆಯೆತ್ತಿದರೆ ಉಳಿಸಿಕೊಳ್ಳುವುದು ಕಷ್ಟ. ನರ್ಸ್ ಕೆಲಸ ಬಿಡು ಎಂದಿರಿ, ಬಿಡಲಿಲ್ಲ, ಮನೆ ಬಿಟ್ಟು ಬಂದು ಎರಡು ವರ್ಷವಾಯಿತು. ಆ ಜಗಳ ಭಾನುವಾರ ಕಳೆದ ಮೇಲೆ ಆಡೋಣ, ನಾನು ತಯಾರಿದ್ದೇನೆ!

ಇನ್ನೂ ನಿಮ್ಮ ಸೊಸೆಯೇ ಆಗಿರುವ
ಸುನೀತಾ

ಮತ್ತೊಂದು ಮಾತು (ಅಂಬಿಕಾ, ಓದುವಾಗ ನಗಬೇಡ): ಪೈಪು ಇರಲಿ ಎಂದಿದ್ದು ಬರೀ ನರ ಸಿಗುವುದಿಲ್ಲವೆಂದಲ್ಲ ಅತ್ತೆ. ಅದರ ಪಟ್ಟಿ ಬದಲಿಸುವ ನೆಪದಲ್ಲಿ ಹತ್ತು ನಿಮಿಷ ಅವರ ಪಕ್ಕ ಕೂರುತ್ತಿದ್ದೆ. ಆ ಹತ್ತು ನಿಮಿಷದ ಆಸೆಗೆ ಅವರ ಜೀವಕ್ಕೇ ಕುತ್ತು ತಂದಿದ್ದೆ, ಕ್ಷಮಿಸಿ. ಪೈಪು ಹೋಯಿತು, ನೆಪವೂ ಹೋಯಿತು ಎಂದುಕೊಂಡಿದ್ದೆ. ನಿನ್ನೆ ಅವರೇ ಕರೆದು, "ಕತ್ತಿನ ಗಾಯ ಹೆಂಗೈತೆ, ವಸಿ ಕೂತು ನೋಡು," ಎಂದರು. ಆ ಗಾಯ ಮಾಯ್ದು ಆಗಲೇ ವಾರವಾಗಿದೆ.