ಎರಡು ರಾತ್ರಿಯ ಬ್ಯಾಗು

ಫೆಬ್ರುವರಿ 9, ಭಾನುವಾರ

ಮತ್ತೆ ಬ್ಯಾಗಿನ ತೂಕ. ಇವತ್ತು ಹನ್ನೊಂದು ಕಿಲೋ ಇನ್ನೂರು ಗ್ರಾಂ. ಓಣಿ ತುದಿಯ ಕಿರಾಣಿ ಅಂಗಡಿಯಲ್ಲಿ ತೂಗಿಸಿದೆ. ಅಂಗಡಿಯ ಹುಸೇನಬಾಷಾ, "ಜ್ವಾಳ ಏನ್ರಿ ಟೀಚರ್?" ಅಂದರು. ಹ್ಞೂಂ ಅಂದೆ. ಬಿಡಿಸಿ ಹೇಳಿದರೆ ಸಂಜೆಯೊಳಗೆ ಅರ್ಧ ಸಿಂಧನೂರಿಗೆ ಗೊತ್ತಾಗುತ್ತದೆ.

ಎಂಟು ಕಿಲೋ ದಾಟಬಾರದು ಅಂತ ಲಾಲ್‌ಬೀ ಹೇಳಿದ್ದಾಳೆ. ಸಾಲಗುಂದದ ನಮ್ಮ ಶಾಲೆಯ ಪಿ.ಟಿ. ಟೀಚರ್. ರಜೆ ಸಿಕ್ಕರೆ ಬ್ಯಾಗು ಹೊತ್ತು ಗುಡ್ಡ ಹತ್ತುವವಳು. ಶಿವರಾತ್ರಿಗೆ ಇಬ್ಬರೂ ಮಸ್ಕಿ ಆಚೆಯ ಗುಡ್ಡಕ್ಕೆ. ಎರಡು ರಾತ್ರಿ ಬಯಲಲ್ಲೇ ಮಲಗುವುದು. ಕೆಳಗೆ ಅವಳ ಮಾಮಾನ ಹೊಲವಿದೆ, ಹೆದರಿಕೆ ಇಲ್ಲ.

ನಲವತ್ತೊಂದು ವರ್ಷಕ್ಕೆ ಇದೆಂಥ ಹುಚ್ಚು ಅಂದರೆ — ಅತ್ತೆಗೆ ಲಕ್ವ ಹೊಡೆದು ಆರು ವರ್ಷ. ಹಗಲು ಪಕೀರಮ್ಮ ಬಂದು ನೋಡಿಕೊಳ್ಳುತ್ತಾಳೆ. ಐದರ ನಂತರ ನಾನು. ಆರು ವರ್ಷದಿಂದ ಒಂದು ರಾತ್ರಿಯೂ ಬೇರೆ ಕಡೆ ಮಲಗಿಲ್ಲ. ತಂಗಿಯ ಮದುವೆಯಲ್ಲೂ ಊಟ ಮುಗಿಸಿ ವಾಪಸ್ ಬಂದವಳು.

ಫೆಬ್ರುವರಿ 17

ಟೆಂಟ್ ಬಿಟ್ಟೆ. ಎರಡೂವರೆ ಕಿಲೋ ಇಳಿಯಿತು. ನಮ್ಮ ಕಡೆಯ ಸೆಕೆಗೆ ಟೆಂಟಿನೊಳಗೆ ಮಲಗುವುದೂ ಒಂದೇ, ಕುಕ್ಕರಿನೊಳಗೆ ಮಲಗುವುದೂ ಒಂದೇ. ಸೊಳ್ಳೆ ಪರದೆ ಸಾಕು. ಕೆಳಗೆ ಹಾಸಲು ತಾಡಪತ್ರಿಯ ತುಂಡು, ಅದರ ಮೇಲೆ ಗಾಳಿ ತುಂಬುವ ಚಾಪೆ.

ಇವರಿಗೆ ಇವತ್ತು ಹೇಳಿದೆ. ಲಿಂಗಸುಗೂರಿನ ಆಫೀಸಿನಿಂದ ಬಂದು ಚಹಾ ಕುಡಿಯುತ್ತಿದ್ದರು.

"ಮನಿ ಇಟ್ಕೊಂಡು ಗುಡ್ಡದಾಗ ಮಕ್ಕೊಳ್ಳೋದು ಏನ್ ಬಂದೈತಿ ನಿನಗ?"

ಬೈದದ್ದಲ್ಲ. ನಿಜಕ್ಕೂ ಅರ್ಥವಾಗಿರಲಿಲ್ಲ. ಆಮೇಲೆ ಕೇಳಿದರು, "ಅವ್ವನ್ನ ಯಾರು ನೋಡ್ಬೇಕು?"

"ಉಮಾ ಬರ್ತಾಳ್ರಿ. ಮಾತಾಡೀನಿ."

ಉಮಾದೇವಿ ಇವರ ತಂಗಿ, ಗುರುಗುಂಟಾದಲ್ಲಿ ಇರುವವಳು. ನೀವೇ ನೋಡ್ರಿ ಅನ್ನಬಹುದಿತ್ತು... ಬಟ್ಟೆ ಬದಲಿಸುವುದು, ಮೈ ತೊಳೆಯುವುದು — ಮಗನ ಕೈಲಿ ಮಾಡಿಸಿಕೊಳ್ಳಲು ಅತ್ತೆ ಒಪ್ಪುವುದಿಲ್ಲ. ಇವರೂ ಒಮ್ಮೆಯೂ ಕೇಳಿದವರಲ್ಲ.

ಫೆಬ್ರುವರಿ 25, ಸಂಜೆ

ಉಮಾ ಫೋನು. "ಅತ್ತಿಗಿ, ಆಡು ಈದಾವ. ಬರಾಕ ಆಗಂಗಿಲ್ರಿ."

ಆಡಿಗೂ ಬಾಣಂತನ ಮಾಡಲು ಜನ ಇದ್ದಾರೆ. ನನಗೆ ಎರಡು ದಿನ ಕೊಡಲು ಯಾರೂ ಇಲ್ಲ. ಸಿಟ್ಟು ಬಂತು, ಒಗ್ಗರಣೆ ಸೀದುಹೋಯಿತು. ಬ್ಯಾಗು ಬಿಚ್ಚಲಿಲ್ಲ. ಹಾಗೇ ಕಪಾಟಿನ ಮೇಲೆ ಇಟ್ಟೆ.

ಮಾರ್ಚ್ 4

ಅತ್ತೆಯ ಬೆನ್ನು ಕೆಂಪಾಗಿದೆ. ಹೀಗೇ ಬಿಟ್ಟರೆ ಹುಣ್ಣಾಗುತ್ತದೆ ಅಂದರು ಡಾಕ್ಟರ್. ಬ್ಯಾಗು ಇಳಿಸಿ ಗಾಳಿ ಚಾಪೆ ತೆಗೆದೆ. ಊದಿ ಅವರ ಬೆನ್ನಿನ ಕೆಳಗೆ ಹಾಕಿದೆ. ಸರಿಯಾಗಿ ಹೊಂದಿತು.

ನಾಲ್ಕು ನೂರ ಎಂಬತ್ತು ಗ್ರಾಂ ಕಡಿಮೆ.

ಮಾರ್ಚ್ 11

ನೀರಿನ ಚೀಲವೂ ಹೋಯಿತು. ಬೆನ್ನಿಗೆ ಹಾಕಿಕೊಂಡು ನಡೆಯುತ್ತಲೇ ಪೈಪಿನಿಂದ ಕುಡಿಯುವಂಥದ್ದು. ಎಷ್ಟು ಹುಡುಕಿ ತರಿಸಿದ್ದೆ! ಈಗ ಅತ್ತೆಯ ಕಿಟಕಿಯ ಸರಳಿಗೆ ನೇತಾಡುತ್ತಿದೆ, ಪೈಪು ಅವರ ಬಾಯಿಯ ಹತ್ತಿರ. ತಾವೇ ಕುಡಿದರು. ಆರು ವರ್ಷದಲ್ಲಿ ಮೊದಲ ಸಲ, ಯಾರನ್ನೂ ಕರೆಯದೆ.

"ಛಲೋ ಐತಿ ಬೇ ಇದು" ಅಂದರು.

ಸಂತೋಷವಾಯಿತು. ಬಚ್ಚಲಿಗೆ ಹೋಗಿ ಅತ್ತದ್ದೂ ನಿಜ.

ಮಾರ್ಚ್ 25

ಇದನ್ನು ಬರೆಯಬಾರದು.

ಮೊನ್ನೆ ಡಾಕ್ಟರ್ ಬಂದಿದ್ದರು. ಬಿಪಿ ಸರಿ, ಶುಗರ್ ಸರಿ. "ಯಂಕಮ್ಮ ಇನ್ನೂ ಹತ್ತು ವರ್ಷ ಗಟ್ಟಿ ಅದಾರ ನೋಡ್ರಿ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಲೆಕ್ಕ ಹಾಕಿದೆ — ಆಗ ನನಗೆ ಐವತ್ತೊಂದು.

ಎರಡು ದಿನವಾಯಿತು, ಅತ್ತೆಯ ಮುಖ ನೋಡಿ ಮಾತಾಡಲು ಆಗುತ್ತಿಲ್ಲ. ಅನ್ನ ಕಲಸಿ ತಿನ್ನಿಸುತ್ತೇನೆ, ಗೋಡೆ ನೋಡುತ್ತೇನೆ.

ಏಪ್ರಿಲ್ 15

ಶಾಲೆಗೆ ರಜೆ. ಸಂಜೆ ಅತ್ತೆ, "ಆ ಗಂಟು ಇಳಸು" ಅಂದರು.

"ಯಾವ ಗಂಟು ಅತ್ತಿ?"

"ಕಪಾಟಿನ ಮ್ಯಾಗಿಂದು. ದಿನಾ ನೋಡ್ತಿದ್ದೀಯಲ್ಲ, ನನಗ ಕಣ್ಣಿಲ್ಲೇನು?"

ಮಂಚದ ಮೇಲೆ ಎಲ್ಲ ಹರಡಿಸಿದರು. ಹರೆಯದಲ್ಲಿ ಅವರು ವರ್ಷವರ್ಷವೂ ಭತ್ತ ನಾಟಿಗೆ ಮುಕ್ಕುಂದದ ಕಡೆ ಬರುತ್ತಿದ್ದರು. ತಿಂಗಳುಗಟ್ಟಲೆ ಕಾಲುವೆ ದಂಡೆಯಲ್ಲೇ ಮಲಗುವುದು, ಅಲ್ಲೇ ಅಡುಗೆ. ಎಡಗೈಯಿಂದ ಒಂದೊಂದೇ ಎತ್ತಿ ನೋಡಿದರು.

"ಇದೇನು?"

"ಗ್ಯಾಸಿನ ಒಲಿ ರೀ."

"ಬ್ಯಾಸಗ್ಯಾಗ ಬೆಂಕಿ ಯಾಕ? ಕಟಕ ರೊಟ್ಟಿ ಒಯ್ಯಿ. ಶೇಂಗಾ ಪುಡಿ, ಉಳ್ಳಾಗಡ್ಡಿ. ಸಾಕು."

ಒಲೆ ಹೊರಗೆ. ಜೀನ್ಸ್ ಹೊರಗೆ — ಬೆವೆತರೆ ಒಣಗುವುದಿಲ್ಲವಂತೆ. ಟೋಪಿ, ಸ್ಕಾರ್ಫು, ಕರವಸ್ತ್ರ ಮೂರೂ ಹೊರಗೆ. ಅವುಗಳ ಬದಲು ಒಂದು ಟವೆಲ್. ಚಾಪೆಯ ಬದಲು ತೆಳ್ಳನೆ ಕೌದಿ. ಕಿಟಕಿಯ ಕಡೆ ಕೈ ಮಾಡಿ, "ಅದನ್ನೂ ಒಯ್ಯಿ. ನಾ ಗಿಲಾಸಿನಾಗ ಕುಡೀತೀನಿ" ಅಂದರು. ಆಗಲ್ಲ ಅಂದೆ. ಎರಡು ಬಾಟಲಿ ಹಾಕಿಕೊಂಡೆ.

"ಮುಂಜಾನಿ ಬೂಟು ಝಾಡಿಸಿ ಹಾಕ್ಕೋ. ಚೇಳು ಇರ್ತಾವ."

ನೀರು ಬಿಟ್ಟು ಐದು ಕಿಲೋ ಎಂಟು ನೂರು! ಎರಡು ತಿಂಗಳು ಮೊಬೈಲಿನಲ್ಲಿ ಓದಿ ಓದಿ ಆಗದ್ದನ್ನು ಅರ್ಧ ಗಂಟೆಯಲ್ಲಿ ಮುಗಿಸಿದರು. ಆಮೇಲೆ ಫೋನು ಕಿವಿಗೆ ಹಿಡಿಯಲು ಹೇಳಿದರು. ಮಗಳಿಗೆ ಒಂದೇ ಮಾತು: "ಆಡು ಕಟ್ಟಿ ಬಾ, ಇಲ್ಲಾ ಹೊಡ್ಕೊಂಡು ಬಾ. ಆಕಿ ಹೋಗ್ಬೇಕು."

ಇವರು ಬಾಗಿಲಲ್ಲಿ ನಿಂತಿದ್ದರು.

ಏಪ್ರಿಲ್ 18, ಬೆಳಿಗ್ಗೆ 5.30

ಉಮಾ ನಿನ್ನೆಯೇ ಬಂದಳು. ಹೊರಗೆ ಲಾಲ್‌ಬೀ ಸ್ಕೂಟಿ ಹಾರ್ನು. ಗುಳಿಗೆ ಯಾವುದು ಯಾವಾಗ ಅಂತ ಮೂರನೇ ಸಲ ಹೇಳಲು ಹೋದೆ.

"ನಮ್ಮವ್ವನ್ನ ನೋಡೋದು ನನಗ ಹೇಳಿಕೊಡ್ತೀರೇನ್ರಿ ಅತ್ತಿಗಿ? ನಡೀರಿ."

ಅತ್ತೆ ಗೋಡೆ ಕಡೆ ತಿರುಗಿದ್ದರು. ನಿದ್ದೆಯೋ ಏನೋ, ನಾನು ಕರೆಯಲಿಲ್ಲ. ಕರೆದಿದ್ದರೆ ಹೋಗುತ್ತಿರಲಿಲ್ಲ.

ಏಪ್ರಿಲ್ 19, ಗುಡ್ಡದ ಮೇಲೆ, ಬೆಳಿಗ್ಗೆ

ಮೂರಕ್ಕೆ ಎಚ್ಚರವಾಯಿತು, ಅತ್ತೆಯ ಮಗ್ಗುಲು ಬದಲಿಸುವ ಹೊತ್ತು. ಎದ್ದು ಕೂತೆ. ಬದಲಿಸಲು ಯಾರೂ ಇಲ್ಲ. ಬಂಡೆ ಇನ್ನೂ ಬೆಚ್ಚಗಿತ್ತು. ಮತ್ತೆ ಮಲಗಿದೆ. ಆರೂವರೆಯವರೆಗೆ!

ಬೂಟು ಝಾಡಿಸಿದೆ. ಚೇಳಿರಲಿಲ್ಲ.

ಸಂಜೆ — ಬಿಸಿಲಿಗೆ ಕೆಳಗಿಳಿದು ಇಡೀ ದಿನ ಹೊಲದ ಬೇವಿನ ಕೆಳಗೆ. ರೊಟ್ಟಿ, ಉಳ್ಳಾಗಡ್ಡಿ, ನಿದ್ದೆ, ಹರಟೆ. ಯಾರೂ ನನ್ನನ್ನು ಕರೆಯಲಿಲ್ಲ. ಒಮ್ಮೆಯೂ. ಇಷ್ಟು ಹಗುರಾಗಿ ನಾನು ಯಾವಾಗ ಇದ್ದೆ, ನೆನಪಿಗೆ ಬರುತ್ತಿಲ್ಲ. ಈಗ ಮತ್ತೆ ಮೇಲೆ ಬಂದಿದ್ದೇವೆ. ಮನೆಗೆ ಫೋನು ಮಾಡಬೇಕಿತ್ತು. ಮಾಡಲಿಲ್ಲ.

ಏಪ್ರಿಲ್ 20, ಬೆಳಿಗ್ಗೆ 7

ಕೌದಿ ಮಡಚಿ, ಪರದೆ ಸುತ್ತಿ, ಬ್ಯಾಗು ಕಟ್ಟಿ ಮುಗಿದಿತ್ತು. ಉಮಾ ನಂಬರಿನಿಂದ ಫೋನು. ಎತ್ತಿದರೆ ಅತ್ತೆಯ ದನಿ.

"ಯಶೋಧರಾ, ಇನ್ನೊಂದಿನ ಇದ್ದು ಬಾ ಬೇ. ಸಾಲಿ ಅಂತೂ ಇಲ್ಲ. ನಾ ಛಲೋ ಉಣ್ಣಾಕತ್ತೀನಿ."

ಹಿಂದಿನಿಂದ ಉಮಾ ಕೂಗುತ್ತಿದ್ದಳು — "ಎಲ್ಲಿ ಉಂಡೀದಿ ಯವ್ವಾ? ಎರಡು ದಿನ ಆತು, ಬಾಯಾಗ ಇಟ್ಟಿದ್ದೆಲ್ಲ ಉಗುಳಾಕತ್ತೀದಿ, ಆಕೀನ ಬರ್ಬೇಕು ಅಂತ ಹಟ ಹಿಡ್ದು ಈಗ ಫೋನಿನಾಗ..." ಫೋನು ಕಟ್ಟಾಯಿತು.

ವಾಪಸ್ ಮಾಡಲಿಲ್ಲ.

ಲಾಲ್‌ಬೀ ಕೀಲಿ ಕೈಯಲ್ಲಿ ಹಿಡಿದು ನಿಂತಿದ್ದಳು. "ಏನಂತ್ರಿ? ಅತ್ತಿ ಹೆಂಗದಾರ?"

"ಆರಾಮ ಅದಾರ" ಅಂದೆ. "ಛಲೋ ಉಣ್ಣಾಕತ್ಯಾರಂತ. ಇನ್ನೊಂದಿನ ಇದ್ದು ಬಾ ಅಂದ್ರು."

"ಪುಣ್ಯವಂತಿ ನೋಡ್ರಿ ನೀವು. ಇಂಥ ಅತ್ತಿ ಯಾರಿಗೆ ಸಿಗ್ತಾರ?"

ಬೂಟು ಬಿಚ್ಚಿ ಕೂತಳು. ನಾನು ಮಡಚಿದ ಕೌದಿ ಮತ್ತೆ ಹಾಸಿದೆ.

ಒಂದೇ ದಿನ. ನಾಳೆ ಬೆಳಕು ಹರಿಯುವ ಮೊದಲೇ ಎದ್ದು ಹೊರಡುತ್ತೇನೆ.