ಹುಲ್ಲುಗಾವಲಿಗೆ ಇಳಿದ ವಿಮಾನ

ಬಾಜೆ, ಮೇ ೧೨, ೧೯೪೬

ಬೆಂಕಿಯ ನೆಂಟಸ್ತಿಕೆಯ ಕೊಮಾದ್ರೆ ದೊರಾಲಿಸಿಗೆ,

ಮೊದಲು ನಿಮ್ಮ ಎತ್ತು ಜನರಲ್‌ನ ಕ್ಷೇಮ ಕೇಳುತ್ತೇನೆ, ಮುನಿಸಿಕೊಳ್ಳಬೇಡಿ. ಕಾಲು ಮುರಿದ ನಮ್ಮ ಎಲಿಜೆವು ಮಲಗಿದ್ದ ದೋಣಿಯನ್ನು ಎಂಟು ದಿನ ಎಳೆದವನು ಅವನು. ನೀವು ದೋಣಿಯ ಮೂತಿಯಲ್ಲಿ ಕುಳಿತು ನಮ್ಮನ್ನು ಬೈದವರು. ಅವನ ಕೊರಳು ತುರಿಸಿ, ಬಾಜೆಯ ವಾಲ್ದೊಮಿರೊ ನೆನೆಸಿಕೊಂಡ ಎಂದು ಹೇಳಿ.

ಎರಡು ವರ್ಷದಿಂದ ನಿಮಗೆ ಹೇಳದೆ ಉಳಿಸಿಕೊಂಡ ಮಾತೊಂದಿದೆ. ಆ ಜೂನ್ ತಿಂಗಳಲ್ಲಿ ಜರ್ಮನ್ನರ ಜಲಾಂತರ್ಗಾಮಿಗಳನ್ನು ಹುಡುಕಲು ಹೋಗಿ, ಬರಿಗೈಯಲ್ಲಿ ಬೆಲೆಂಗೆ ಮರಳುತ್ತಿದ್ದೆವು. ಸಿಡಿಲು ಮಳೆಗೆ ಸಿಕ್ಕಿ ನಮ್ಮ ಬಾಂಬರ್ ವಿಮಾನದ ಒಂದು ಎಂಜಿನ್ ನಿಂತಿತು, ಇನ್ನೊಂದು ಕೆಮ್ಮತೊಡಗಿತು. ಮೋಡ ಹರಿದಾಗ ಕೆಳಗೆ ಹಸಿರು ಬಯಲು, ಮೇಯುತ್ತಿರುವ ದನ. ನಾನೋ ದಕ್ಷಿಣದ ಬಾಜೆಯ ಹುಲ್ಲುಗಾವಲಿನವನು, ನಡೆಯಲು ಕಲಿಯುವ ಮೊದಲೇ ಕುದುರೆ ಹತ್ತಿದವನು. "ಗಟ್ಟಿಯಾಗಿ ಹಿಡ್ಕೊಳ್ರಪ್ಪ, ನಮ್ಮಪ್ಪನ ಗೋಮಾಳ ಸಿಕ್ತು" ಎಂದು ಕೂಗಿದೆ. ದಾರಿ ತೋರಿಸುವ ನೆಸ್ತೋರ್ ಇಣುಕಿ ನೋಡಿ, "ದನಕ್ಕೆ ಕಾಲೇ ಕಾಣ್ತಿಲ್ವಲ್ಲೋ" ಎಂದ. "ಹುಲ್ಲು ಸೊಂಪಾಗಿದೆ ಸುಮ್ನಿರೋ" ಎಂದೆ.

ಹುಲ್ಲಿನ ಕೆಳಗೆ ಸೊಂಟದುದ್ದ ನೀರಿತ್ತು. ಪುಣ್ಯಕ್ಕೆ ಚಕ್ರಗಳು ಕೆಳಗಿಳಿಯಲಿಲ್ಲ, ವಿಮಾನ ಹೊಟ್ಟೆಯ ಮೇಲೆ ಜಾರಿ ಎಮ್ಮೆಯ ಹಾಗೆ ಕೆಸರಿನಲ್ಲಿ ಕೂತಿತು. ಗಟ್ಟಿ ನೆಲವಾಗಿದ್ದರೆ, ರೇಡಿಯೋ ನೋಡಿಕೊಳ್ಳುವವನೂ ಸೇರಿ ನಾವು ನಾಲ್ವರೂ ಉಳಿಯುತ್ತಿರಲಿಲ್ಲ. ಬೇಕೆಂದೇ ನೀರಿಗೆ ಇಳಿಸಿದೆ ಎಂದು ನಿಮ್ಮೆದುರು ಜಂಬ ಕೊಚ್ಚಿದೆ, ಮೇಲಧಿಕಾರಿಗಳಿಗೂ ಹಾಗೇ ಬರೆದುಕೊಟ್ಟು ಬೆನ್ನು ತಟ್ಟಿಸಿಕೊಂಡೆ. ಮಳೆಗಾಲ ಮುಗಿಯುವ ಹೊತ್ತಿಗೆ ನಿಮ್ಮ ಮಾರಾಜೋ ದ್ವೀಪದಲ್ಲಿ ಹುಲ್ಲುಗಾವಲೇ ಕೆರೆಯಾಗುತ್ತದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಇದೇ ನನ್ನ ತಪ್ಪೊಪ್ಪಿಗೆ. ನಿಮಗೆ ಆಗಲೇ ತಿಳಿದಿತ್ತು ಎಂಬ ಅನುಮಾನವೂ ಇದೆ.

ನೀವು ಬಂದದ್ದು ಹುಲ್ಲಿನ ನಡುವೆ ದೋಣಿಯಲ್ಲಿ, ಮುಂದೆ ಎತ್ತು ಕಟ್ಟಿಕೊಂಡು. ಅಂಥ ಗಾಡಿಯನ್ನು ನಾನು ಹುಟ್ಟಿದಾರಭ್ಯ ಕಂಡಿರಲಿಲ್ಲ. "ಅಲ್ರಯ್ಯ, ದನ ಮೇಯೋ ಜಾಗದಲ್ಲಿ ಇದನ್ನ ತಂದು ಹಾಕಿದೀರಲ್ಲ, ತೆಗೆಯೋರು ಯಾರು?" ಎಂದು ಜಗಳ ತೆಗೆದಿರಿ. ಆಮೇಲೆ ರೆಕ್ಕೆಯ ಮೇಲೆ ಮಲಗಿಸಿದ್ದ ನಮ್ಮ ಗನ್ನರ್ ಎಲಿಜೆವುವನ್ನು ನೋಡಿದಿರಿ. ಅವನ ಎಡಗಾಲಿನ ಮೂಳೆ ಮುರಿದು ಚರ್ಮ ಹರಿದಿತ್ತು. ತನ್ನೂರು ರೆಸಿಫೆಯ ಹಬ್ಬದಲ್ಲಿ ಪುಟ್ಟ ಕೊಡೆ ಹಿಡಿದು ಕುಣಿಯುತ್ತಿದ್ದವನ ಕಾಲು ಅದು. ನಿಮ್ಮ ಸ್ವಂತ ತೂಗುಹಾಸಿಗೆಯನ್ನು ಹರಿದು, ದೋಣಿಯ ಹುಟ್ಟಿನ ಕೋಲನ್ನು ಆಸರೆ ಕೊಟ್ಟು ಕಾಲು ಕಟ್ಟಿದಿರಿ. "ಇವನು ಬೇಗ ಬೆಲೆಂ ಆಸ್ಪತ್ರೆ ಸೇರ್ಬೇಕು. ಇಲ್ಲಾಂದ್ರೆ ಇವನಷ್ಟೇ ಉಳೀತಾನೆ, ಕಾಲು ಉಳಿಯಲ್ಲ" ಎಂದಿರಿ.

ಆ ಎಂಟು ದಿನಗಳನ್ನು ಕಷ್ಟದ ದಿನಗಳೆಂದು ಹೇಳಬೇಕು, ಆದರೆ ನೆನೆದರೆ ನಗುವೇ ಬರುತ್ತದೆ. "ಲೆಫ್ಟಿನೆಂಟ್ರೆ, ಜನರಲ್ ಮುಂದೆ ಹೋಗ್ಲಿ, ನೀವು ಹಿಂದೆ ಬನ್ನಿ" ಎಂದು ನನ್ನನ್ನು ನೀರಿಗಿಳಿಸಿದಿರಿ. ಮರಗೆಣಸಿನ ಹಿಟ್ಟು, ಒಣಮೀನು, ಎಮ್ಮೆಹಾಲಿನ ಗಿಣ್ಣು ತಿಂದು ನಡೆದೆವು. ಎಲಿಜೆವುಗೆ ಜ್ವರ ಏರಿದಾಗ ಮಾತ್ರ ಯಾರೂ ನಗುತ್ತಿರಲಿಲ್ಲ. ಗಾಯ ಕೊಳೆಯುತ್ತಿದೆಯೇ ಎಂದು ನೀವು ಅವನ ಕಾಲನ್ನು ಮೂಸಿ ನೋಡಿ, ಎತ್ತಿಗೆ ಇನ್ನೊಂದು ಏಟು ಹಾಕುತ್ತಿದ್ದಿರಿ.

ಕೊಲ್ಲಿಯ ದಂಡೆ ಮುಟ್ಟಿದಾಗ ಸಂತ ಜುವಾಂವ್ ಹಬ್ಬದ ಮುನ್ನಾದಿನ. ಆಚೆ ದಡದ ಬೆಲೆಂಗೆ ದಾಟಿಸಲು ಇದ್ದದ್ದು ಕ್ಲೆಮೆಂತೆಯ ಹಾಯಿದೋಣಿ ಒಂದೇ. ಅವನು ಚುಟ್ಟಾ ಕಚ್ಚಿಕೊಂಡು, "ಮೂರು ದಿನ ಆಗ್ಲಿ. ಹಬ್ಬದ ದಿನ ಗುರುತು ಪರಿಚಯ ಇಲ್ದೋರಿಗೆ ಹಾಯಿ ಎತ್ತಿದ್ರೆ ಗಾಳಿ ಮುನಿಸ್ಕೊಳ್ಳುತ್ತೆ" ಎಂದ. ಮೂರು ದಿನ ಕಾಯುವ ಸ್ಥಿತಿಯಲ್ಲಿ ಆ ಕಾಲು ಇರಲಿಲ್ಲ. ನಾನು ಪಿಸ್ತೂಲಿಗೆ ಕೈ ಹಾಕಿದೆ. ನೀವು ನನ್ನ ಕೈಗೆ ಫಟ್ ಎಂದು ಹೊಡೆದು, ಅವನನ್ನು ಕೇಳಿದಿರಿ: "ನೆಂಟರಾದ್ರೆ?"

"ನೆಂಟರಿಗೆ ಯಾರಾದ್ರೂ ಇಲ್ಲ ಅಂತಾರಾ?" ಎಂದ ಅವನು.

ಹೊತ್ತು ಮುಳುಗುತ್ತಿತ್ತು, ಅಂಗಳದಲ್ಲಿ ಹಬ್ಬಕ್ಕೆ ಪೇರಿಸಿದ ಸೌದೆಗೆ ಆಗಷ್ಟೇ ಕಿಚ್ಚು ತಗುಲಿಸಿದ್ದರು. ನಮ್ಮ ಮೂವರನ್ನು ಬೆಂಕಿಯ ಆಚೆ ನಿಲ್ಲಿಸಿ, ಉರಿಯ ಮೇಲೆ ಕೈ ಚಾಚಿ, ಒಬ್ಬೊಬ್ಬರ ಕೈ ಹಿಡಿದು ಮೂರು ಸುತ್ತು ಸುತ್ತಿದಿರಿ. ಆ ಬೆಂಕಿಯ ಸಾಕ್ಷಿಯಲ್ಲಿ ಕೈ ಹಿಡಿದವರು ಸಾಯುವ ತನಕ ನೆಂಟರಂತೆ, ಅಂದಿನಿಂದ ನೀವು ನಮಗೆ ಕೊಮಾದ್ರೆ. "ಕ್ಲೆಮೆಂತೆ, ಐದು ವರ್ಷದ ಹಿಂದೆ ನೀನೂ ಇಲ್ಲೇ ನನ್ನ ಕೈ ಹಿಡಿದಿದ್ದೆ. ನನ್ನ ನೆಂಟರು ನಿಂಗೂ ನೆಂಟರು, ಹಾಯಿ ಕಟ್ಟು" ಎಂದಿರಿ. ಅವನು, ಪಕ್ಕದಲ್ಲಿ ಮಲಗಿದ್ದ ಎಲಿಜೆವು ಕಡೆಗೆ ಗದ್ದ ಎತ್ತಿ ತೋರಿಸಿದ. "ಅವನು ಬೆಂಕಿ ಸುತ್ತಿಲ್ವಲ್ಲ?"

"ಅವನು ನೆಂಟರ ಗಂಟುಮೂಟೆ. ನೆಂಟರನ್ನ ಹತ್ತಿಸ್ಕೊಂಡು ಮೂಟೆ ಬಿಟ್ಟು ಹೋಗ್ತೀಯಾ?"

ದಂಡೆಯೆಲ್ಲ ನಕ್ಕಿತು. ಕ್ಲೆಮೆಂತೆಯೂ ಚುಟ್ಟಾ ಬೀಳುವಷ್ಟು ನಕ್ಕು, "ಈ ಹೆಂಗಸು ಸಂತನನ್ನೂ ನೊಗಕ್ಕೆ ಕಟ್ತಾಳೆ" ಎನ್ನುತ್ತ ಎದ್ದ. ಬೆಳಗಿನ ನೀರಿಳಿತಕ್ಕೆ ಹಾಯಿ ಎತ್ತಿದ. ಗಾಳಿ ಮುನಿಸಿಕೊಳ್ಳಲಿಲ್ಲ. ಇನ್ನೆರಡು ದಿನ ತಡವಾಗಿದ್ದರೆ ಕಾಲನ್ನು ಮೊಣಕಾಲಿನವರೆಗೆ ಕತ್ತರಿಸುತ್ತಿದ್ದೆ ಎಂದು ಬೆಲೆಂನ ವೈದ್ಯರು ಹೇಳಿದರು.

ಆದರೆ ಹೊರಡುವಾಗ ಜ್ವರದಲ್ಲೇ ಎಲಿಜೆವು ನಿಮ್ಮ ಲಂಗದ ಅಂಚು ಹಿಡಿದು, "ನಂಗೂ ಕೈ ಕೊಡಕ್ಕಾ" ಎಂದದ್ದು ನೆನಪಿದೆಯೇ? "ಬೆಂಕಿ ಸುತ್ತೋದು ಕಾಲಿರೋರಿಗೆ. ಉಳಿಸ್ಕೊಂಡು ಬಾ, ಕೊಡ್ತೀನಿ" ಎಂದಿರಿ. ಅಂದಿನಿಂದ ಅವನದು ಒಂದೇ ರಾಗ. "ಕಾಲು ಮುರ್ಕೊಂಡೋನು ನಾನು, ನೆಂಟರಾದೋರು ನೀವು ಮೂವರು, ನಾನು ಮಾತ್ರ ಮೂಟೆ." ಎರಡು ವರ್ಷದಲ್ಲಿ ನಾಲ್ಕು ಸಲ ಆ ಕಾಲನ್ನು ಕೊಯ್ದು ಹೊಲಿದರು. ಹೋದ ವಾರ ಅವನಿಂದ ತಂತಿ ಬಂತು: "ಊರುಗೋಲು ಬಿಸಾಡಿದೆ. ಜೂನ್‌ಗೆ ಹೊರಡೋಣ."

ನಾಲ್ವರೂ ಬರುತ್ತಿದ್ದೇವೆ ಕೊಮಾದ್ರೆ, ಈ ಸಲ ಕ್ಲೆಮೆಂತೆಯ ದೋಣಿಯಲ್ಲೇ. ನಿಮ್ಮನ್ನು ನೋಡುವ ಸಂತೋಷಕ್ಕೆ ನನಗೆ ಹಗಲೂ ನಿದ್ದೆ ಇಲ್ಲ, ರಾತ್ರಿಯೂ ಇಲ್ಲ. ಒಂದೇ ಒಂದು ಬೇಡಿಕೆ: ಬೆಂಕಿ ಸ್ವಲ್ಪ ಚಿಕ್ಕದಿರಲಿ, ಅವನು ಆ ಕಾಲನ್ನು ಇನ್ನೂ ಕೊಂಚ ಎಳೆದೇ ನಡೆಯುತ್ತಾನೆ. ನಾನು ಹೀಗೆ ಬರೆದೆ ಎಂದು ಅವನಿಗೆ ಹೇಳಬೇಡಿ.

ನಿಮ್ಮ ದನಕರು ನೂರ್ಕಾಲ ನೀರಲ್ಲಿ ನಿಂತು ಮೇಯಲಿ, ಸಂತನು ನಿಮ್ಮ ಕೈಯನ್ನು ಬೆಚ್ಚಗಿಡಲಿ. ಮೂಟೆ ತಾನೇ ನಡೆದು ಬರುತ್ತಿದೆ, ಕೈ ಚಾಚಿರಿ.

ನಿಮ್ಮ ನೆಂಟ,
ವಾಲ್ದೊಮಿರೊ