ಒಂದಕ್ಕೆ ಬರುವ ನಿದ್ದೆ

ಜೂನ್ 16, ಸೋಮವಾರ. ಬೆಳಿಗ್ಗೆ 8
ಮಹಾಜನಗಳೇ, ಪೋಷಕ ಪ್ರಭುಗಳೇ, ಇನ್ನೂ ನೇಮಕವಾಗದ ತನಿಖಾಧಿಕಾರಿಗಳೇ! ಸೇಲಂನ ಈ ನೇಕಾರರ ಬೀದಿಯಲ್ಲಿ, ನನ್ನ ಮನೆಯ ಮುಂದಿನ ಕೋಣೆಯಲ್ಲಿ ನಾನು ನೋಡಿಕೊಳ್ಳುವ ಮಕ್ಕಳ ಹೊಸ ಟೈಮ್‌ಟೇಬಲ್ಲನ್ನು ತಮ್ಮ ಸನ್ನಿಧಿಗೆ ಅರ್ಪಿಸುತ್ತಿದ್ದೇನೆ. ಒಂಬತ್ತಕ್ಕೆ ಆಟ, ಹತ್ತಕ್ಕೆ ಪಾಠ, ಹನ್ನೆರಡಕ್ಕೆ ಊಟ, ಒಂದಕ್ಕೆ ನಿದ್ದೆ — ತಪ್ಪಿದರೆ ಕಾಟ. ಕನ್ನಡ ಬಿ.ಎ. ಇಷ್ಟಕ್ಕಾದರೂ ಬಂತು. ಗೋಡೆಗೆ ಅಂಟಿಸಿದ್ದು ಮಾತ್ರ ತಮಿಳಿನಲ್ಲಿ. ಪ್ರಾಸ ಸತ್ತಿತು.
ಮಕ್ಕಳು ಐದು. ಮಲಗುವವರು ಸೊನ್ನೆ.

ಜೂನ್ 18, ಬುಧವಾರ
ತಪ್ಪು. ಒಬ್ಬಳು ಮಲಗುತ್ತಾಳೆ. ಈ ವಾರ ಸೇರಿದ ಕಾರ್ತಿಕಾ, ಎರಡೂವರೆ ವರ್ಷ. ಒಂದಕ್ಕೆ ಚಾಪೆ, ಒಂದೂ ಐದಕ್ಕೆ ಗೊರಕೆ. ಉಳಿದ ನಾಲ್ವರು ಅವಳನ್ನು ದಾಟಿ ದಾಟಿ ಕುಣಿದರೂ ಎಚ್ಚರವಿಲ್ಲ. ಮೂರಕ್ಕೆ ಎಬ್ಬಿಸಿದರೆ ಕಣ್ಣು ಮಂಕು.
ಇಷ್ಟು ಒಳ್ಳೆಯ ಮಗು ಲೋಕದಲ್ಲಿಲ್ಲ. ನಿದ್ದೆಗೆ ಮುಂಚೆ ಹಾಲು ಕೊಡುವವಳು ಅಡುಗೆಯ ಪಾಪಮ್ಮ... ಬರೀ ಹಾಲೇ?

ಜೂನ್ 19
ಪಾಪಮ್ಮ ಬೆನ್ನು ತಿರುಗಿಸಿ ಹಾಲು ಬೆರೆಸುತ್ತಾಳೆ. ಯಾಕೆ? ಒಲೆ ಆ ಕಡೆ ಇದೆ, ಸರಿ. ಆದರೂ.
ಅವಳ ಚೀಲ ನೋಡಿದೆ. ಕದ್ದಲ್ಲ, ತೆರೆದಿತ್ತು. ಸ್ವಲ್ಪ ನಾನೇ ತೆರೆದೆ. ಎಲೆ ಅಡಿಕೆ, ಬಸ್ ಟಿಕೆಟ್, ಸೊಂಟನೋವಿನ ಮಾತ್ರೆ. ಕಾರ್ತಿಕಾಳ ಲೋಟದ ತಳದ ಹಾಲು ಕುಡಿದು ನೋಡಿದೆ. ಒಂದಕ್ಕೆ ಆಕಳಿಕೆ ಬಂತು. ಆದರೆ ನನಗೆ ದಿನವೂ ಒಂದಕ್ಕೆ ಆಕಳಿಕೆ.

ಜೂನ್ 20, ಶುಕ್ರವಾರ
ಕೇಳಿಯೇಬಿಟ್ಟೆ. ಮಗುವಿನ ತಾಯಿ ಶಿವಲಕ್ಷ್ಮಿಯ ಎದುರಿಗೇ — ಹಾಲಿಗೆ ನಿದ್ದೆಯ ಔಷಧ ಏನಾದರೂ ಹಾಕುತ್ತೀಯಾ ಎಂದು.
"ಸಕ್ರೆ ಬಿಟ್ಟು ಒಂದೂ ಆಕಿಲ್ಲ ಟೀಚರಮ್ಮಾ, ಸತ್ತಿಯಮಾ," ಎಂದು ಆಣೆ ಇಟ್ಟಳು ಪಾಪಮ್ಮ.
ಶಿವಲಕ್ಷ್ಮಿ ಮಗುವಿನ ಬಾಯಿ ಮೂಸಿ ನೋಡಿದಳು. ಅದನ್ನು ಪಾಪಮ್ಮ ನೋಡಿದಳು. ಪಾತ್ರೆ ಪೂರ್ತಿ ತೊಳೆದಿಟ್ಟೇ ಹೋದಳು.

ಜೂನ್ 23, ಸೋಮವಾರ
ಪಾಪಮ್ಮ ಬರಲಿಲ್ಲ. ಬೀದಿಗೆಲ್ಲ ಸುದ್ದಿಯಾಗಿದೆ, ಇನ್ನು ಅವಳನ್ನು ಯಾರೂ ಮಕ್ಕಳ ಹತ್ತಿರ ಸೇರಿಸುವುದಿಲ್ಲವಂತೆ. ಹಾಲು ನಾನೇ ಕಾಯಿಸಿದೆ, ನಾನೇ ಕುಡಿಸಿದೆ. ಒಂದೂ ಐದಕ್ಕೆ ಗೊರಕೆ.
ಹಾಗಾದರೆ... ತಾಯಿಯೇ? ಮನೆಯಲ್ಲೇ ಕುಡಿಸಿ ಕಳಿಸುತ್ತಾಳೆಯೇ? ಡೌಟು ಸಾಯಲಿಲ್ಲ. ಮನೆ ಬದಲಾಯಿಸಿತು.

ಜೂನ್ 25, ಬುಧವಾರ. ಅಮಾವಾಸ್ಯೆ
ಕಾರ್ತಿಕಾ ಮಲಗಲೇ ಇಲ್ಲ. ಮೂರರವರೆಗೆ ಕಿರುಚಾಟ. ಫೋನ್ ಮಾಡಿದ್ದಕ್ಕೆ ಶಿವಲಕ್ಷ್ಮಿ ಓಡಿ ಬಂದಳು. ಬಾಗಿಲಲ್ಲೇ ನಿಂತು ಬೀದಿಗೆ ಕಿವಿಗೊಟ್ಟಳು.
"ಇವತ್ತು ಮಗ್ಗ ಓಡ್ತಿಲ್ವಲ್ಲಾ ಅಕ್ಕಾ. ನಾ ಮಿಲ್ಲಿಗೆ ಓಗೋಕ್ ಮುಂಚೆ ಮನೇಲೇ ನೇಯ್ತಿದ್ದೆ. ಮಗ್ಗದ ಪಕ್ಕ ಸೀರೆ ತೊಟ್ಲು ಕಟ್ಟಿ ಮಲಗಿಸ್ತಿದ್ದೆ. ಆ ಸದ್ದಿಲ್ದಿದ್ರೆ ಇವ್ಳಿಗೆ ನಿದ್ದೆ ವರಾದು, ಬರೋದೇ ಇಲ್ಲ."
ಪಕ್ಕದ ಮನೆಯ ಮುನಿರಾಜು ಊಟ ಮುಗಿಸಿ ಮಗ್ಗಕ್ಕೆ ಕೂರುವುದು ದಿನವೂ ಸರಿಯಾಗಿ ಒಂದಕ್ಕೆ. ಅಮಾವಾಸ್ಯೆ ದಿನ ಬೀದಿಯಲ್ಲಿ ಯಾರೂ ನೇಯುವುದಿಲ್ಲ. ಹತ್ತೊಂಬತ್ತು ವರ್ಷದಿಂದ ಈ ಬೀದಿಯಲ್ಲಿದ್ದೇನೆ. ನನ್ನ ಕಿವಿಗೆ ಆ ಸದ್ದು ಬಿದ್ದೇ ಇಲ್ಲ.

ಜೂನ್ 26. ಸಂಜೆ
ಪಾಪಮ್ಮನ ಮನೆಗೆ ಹೋಗಿದ್ದೆ. ತಪ್ಪಾಯಿತು, ನಾಳೆಯಿಂದ ಬಾ ಎಂದೆ. ಬೀದಿಯವರಿಗೂ ನಾನೇ ಹೇಳುತ್ತೇನೆ ಎಂದೆ. ಕಾಫಿ ಕೊಟ್ಟಳು. ಕೋಪವಿಲ್ಲ, ಬರೀ ಆಶ್ಚರ್ಯ.
"ಅಂಗೂ ಮಾಡ್ಬೌದು ಅಂತ ನಂಗೆ ತೋಚೇ ಇರ್ಲಿಲ್ಲ ಟೀಚರಮ್ಮಾ. ನಿಮ್ಗೆ ಎಂಗೆ ತೋಚ್ತು?"
ಪೇಪರಿನಲ್ಲಿ ಓದಿದ್ದೆ ಎಂದೆ.
ಓದಿಲ್ಲ. ಹೋದ ವರ್ಷ ಇಲ್ಲಿದ್ದ ಭವ್ಯಶ್ರೀ ಒಂದಕ್ಕೆ ಮಲಗುತ್ತಿರಲಿಲ್ಲ. ಕೆಮ್ಮಿಲ್ಲದ ಮಗುವಿಗೆ ಕೆಮ್ಮಿನ ಸಿರಪ್. ನಾನೇ. ಅರ್ಧ ಚಮಚದಿಂದ ಶುರು. ನಾಲ್ಕನೇ ದಿನ ಎಬ್ಬಿಸಲು ಹೋದರೆ ಮಗು ಏಳಲೇ ಇಲ್ಲ —